ಆಚೆ ಬದಿಯ ಅಂಗಡಿ

ನಕ್ಷೆ ನೋಡುವಾಗ ಅವರು ಕನ್ನಡಕ ತೆಗೆದಿಡುತ್ತಿದ್ದರು. ನಾವೆಲ್ಲ ಸಣ್ಣ ಅಕ್ಷರ ಓದಲು ಕನ್ನಡಕ ಹುಡುಕುವವರು. ಅವರು ಮಾತ್ರ ಮೂಗಿನ ಮೇಲಿದ್ದುದನ್ನು ತೆಗೆದು, ಷರ್ಟಿನ ಜೇಬಿಗೆ ಸಿಕ್ಕಿಸಿ, ಕುರ್ಚಿಯನ್ನು ಕಂಪ್ಯೂಟರಿನಿಂದ ಒಂದು ಮೊಳ ಹಿಂದಕ್ಕೆ ಎಳೆದುಕೊಂಡು ಕೂರುತ್ತಿದ್ದರು. ಯಾಕೆ ಸಾರ್ ಎಂದರೆ, "ಆಕ್ಕಂಡ್ರೆ ಕಂಪ್ಯೂಟ್ರು ಕಾಣ್ತದೆ ಕಣಮ್ಮಣ್ಣಿ, ತೆಗುದ್ರೆ ಊರು ಕಾಣ್ತದೆ" ಅನ್ನುತ್ತಿದ್ದರು. ಮೊದಮೊದಲು ನನಗೆ ಇದು ಬಡಾಯಿ ಅನಿಸಿತ್ತು. ಸ್ವಲ್ಪ ಬಡಾಯಿಯೂ ಇತ್ತು, ಸುಳ್ಳು ಯಾಕೆ ಹೇಳಲಿ.

ಯಶವಂತಪುರದ ಮಾರ್ಕೆಟ್ ಯಾರ್ಡಿನ ಹಿಂದೆ, ಬಿಸ್ಕತ್ತು, ಸೋಪು, ಟೂತ್‌ಪೇಸ್ಟನ್ನು ಚಿಲ್ಲರೆ ಅಂಗಡಿಗಳಿಗೆ ತಲುಪಿಸುವ ಒಂದು ಕಂಪನಿಯಲ್ಲಿ ನಮ್ಮ ಕೆಲಸ. ಕೆಳಗೆ ಗೋಡೌನು, ಮೇಲೆ ಆಫೀಸು. ಯಾವ ಸೇಲ್ಸ್‌ಮನ್ ಯಾವ ದಿನ ಯಾವ ಅಂಗಡಿಗೆ ಹೋಗಬೇಕು ಎಂಬುದನ್ನು ಮೊದಲು ಮ್ಯಾನೇಜರುಗಳು ಬಾಯಲ್ಲೇ ಹೇಳುತ್ತಿದ್ದರು. ಆಮೇಲೆ ಅದಕ್ಕೊಂದು ಸಾಫ್ಟ್‌ವೇರ್ ಬಂತು. ಅಂಗಡಿಗಳ ಹೆಸರು, ವಿಳಾಸ, ಪಿನ್‌ಕೋಡ್ ತುಂಬಿದರೆ ಸಾಕು, ಅದು ಬೆಂಗಳೂರನ್ನು ಮೈಸೂರುಪಾಕು ಕತ್ತರಿಸಿದ ಹಾಗೆ ಕತ್ತರಿಸಿ ಒಬ್ಬೊಬ್ಬ ಸೇಲ್ಸ್‌ಮನ್‌ಗೆ ಒಂದೊಂದು ಚೂರು ಕೊಡುತ್ತಿತ್ತು. ಆ ಚೂರಿಗೆ ನಮ್ಮವರು ಬೀಟ್ ಅನ್ನುತ್ತಾರೆ. ತುಂಬುವ ಮೊದಲು ಪಟ್ಟಿಯನ್ನು ಶುದ್ಧ ಮಾಡಬೇಕು. ಅದು ನಮ್ಮಿಬ್ಬರ ಕೆಲಸ, ಅವರದು ಮತ್ತು ನನ್ನದು.

ಪಟ್ಟಿಗಳು ಬರುತ್ತಿದ್ದ ಅವಸ್ಥೆಯನ್ನು ನೋಡಬೇಕಿತ್ತು. ಒಂದೇ ಅಂಗಡಿ ಮೂರು ಹೆಸರಿನಲ್ಲಿ ಇರುತ್ತಿತ್ತು. ಮುಚ್ಚಿಹೋದ ಅಂಗಡಿಗಳು ಇನ್ನೂ ಬಾಗಿಲು ತೆರೆದುಕೊಂಡು ಕೂತಿರುತ್ತಿದ್ದವು. ವಿಳಾಸದ ಜಾಗದಲ್ಲಿ "ಆಲದ ಮರದ ಎದುರು, ಮರ ಈಗ ಇಲ್ಲ" ಎಂದು ಯಾವನೋ ಪುಣ್ಯಾತ್ಮ ಬರೆದಿರುತ್ತಿದ್ದ. ಪಿನ್‌ಕೋಡಿನ ಒಂದು ಅಂಕಿ ಆಚೀಚೆ ಆದರೂ ಅಂಗಡಿಯ ಚುಕ್ಕಿ ಹೋಗಿ ಯಲಹಂಕದ ಕೆರೆಯಲ್ಲೋ ವಿಮಾನ ಇಳಿಯುವ ರನ್‌ವೇ ಮೇಲೋ ಬೀಳುತ್ತಿತ್ತು. ಅವರು ಹಿಂದಕ್ಕೆ ವಾಲಿ, "ನೋಡಮ್ಮಣ್ಣಿ, ಈ ಯಪ್ಪ ಕೆರೆ ಒಳ್ಗೆ ಕೂತ್ಕಂಡು ಬೀಡಿ ಮಾರ್ತಾವ್ನೆ, ಬೆಂಕಿಪಟ್ಣ ನೆಂದೋಗಲ್ವಾ" ಅನ್ನುವರು. ನಾನು ನಕ್ಕು ಸುಸ್ತಾಗುತ್ತಿದ್ದೆ. ಸೇಲ್ಸ್‌ಮನ್‌ಗಳು ಅವರನ್ನು ಮ್ಯಾಪ್ ಯಜಮಾನ್ರು ಎಂದು ಕರೆಯುತ್ತಿದ್ದರು. ಅದರಲ್ಲಿ ಗೌರವವೂ ಇತ್ತು, ಲೇವಡಿಯೂ ಇತ್ತು. ಎರಡನ್ನೂ ಅವರು ಸಂತೋಷವಾಗಿ ತೆಗೆದುಕೊಳ್ಳುತ್ತಿದ್ದರು.

ಅವರದು ಕೊಡಿಗೇಹಳ್ಳಿಯ ಹಳೇ ಮನೆತನ. ಬಡಾವಣೆಗಳು ಬರುವ ಮೊದಲಿನವರು. ಊಟದ ಡಬ್ಬಿಯಲ್ಲಿ ಮುದ್ದೆ ತಂದು, ಆಫೀಸಿನ ಎಸಿಯಲ್ಲಿ ಅದು ಕಲ್ಲಾಗುತ್ತದೆ ಎಂದು ಬೈದುಕೊಂಡು, ಗೋಡೌನಿನ ಮುಂದಿನ ಬಿಸಿಲಿಗೆ ಹೋಗಿ ಕೂತು ನುಂಗುತ್ತಿದ್ದರು. ಉಳಿದ ಸಾರನ್ನು ನನಗೆ ಬಲವಂತ ಮಾಡುತ್ತಿದ್ದರು. ಸಿಟ್ಟು ಬಂದರೆ ಯಾರನ್ನೂ ಬೈಯುತ್ತಿರಲಿಲ್ಲ, ಎದ್ದು ಹೋಗಿ ಮುಖ ತೊಳೆದುಕೊಂಡು ಬರುತ್ತಿದ್ದರು. ಕೆಲವು ದಿನ ಅವರ ಮುಖ ಒಣಗುತ್ತಲೇ ಇರಲಿಲ್ಲ.

ಇಂಥವರು ಒಂದು ತಪ್ಪು ಮಾಡಿದರು. ಹೊರಗಿನಿಂದ ಬಂದವರು ಅದನ್ನು ಮಾಡಲು ಸಾಧ್ಯವಿರಲಿಲ್ಲ, ಆ ಊರಿನಲ್ಲಿ ಹುಟ್ಟಿದವರಷ್ಟೇ ಮಾಡಬಹುದಾದ ತಪ್ಪು.

ನಾವು ತುಂಬುವ ಪಟ್ಟಿಯಲ್ಲಿ 'ಊರು' ಎಂಬ ಒಂದು ಕಾಲಂ ಇತ್ತು. ಅದನ್ನು ಖಾಲಿ ಬಿಟ್ಟರೆ ಸಾಫ್ಟ್‌ವೇರ್ ರಸ್ತೆಯ ದೂರ ನೋಡಿ ತಾನೇ ಅಂಗಡಿಗಳನ್ನು ಹಂಚುತ್ತಿತ್ತು. ಏನಾದರೂ ಬರೆದರೆ ತನ್ನ ಲೆಕ್ಕ ಬಿಟ್ಟು ನಮ್ಮ ಮಾತು ಕೇಳುತ್ತಿತ್ತು. ಒಂದೇ ಊರಿನ ಹೆಸರಿರುವ ಅಂಗಡಿಗಳೆಲ್ಲ ಒಬ್ಬನಿಗೆ, ಒಂದೇ ದಿನಕ್ಕೆ. ಕೊಡಿಗೇಹಳ್ಳಿ ಏರ್‌ಪೋರ್ಟ್ ರಸ್ತೆಯ ಈಚೆ ಬದಿಗಿದೆ. ಆಚೆ ಬದಿಗೆ, ಅಮೃತಹಳ್ಳಿಗೆ ಹೋಗುವ ದಾರಿಯ ಬಾಯಲ್ಲಿ, ಒಂದಷ್ಟು ಅಂಗಡಿಗಳಿದ್ದವು. ಸಾಫ್ಟ್‌ವೇರ್ ಅವನ್ನು ಬೇರೆ ಸೇಲ್ಸ್‌ಮನ್‌ಗೆ ಹಾಕಿತ್ತು. ಇವರು ಕನ್ನಡಕ ತೆಗೆದರು, ನೋಡಿದರು, ನಕ್ಕರು.

"ಇದ್ಕೇನ್ ಗೊತ್ತು? ಆಚೆ ಕಡೆ ನಮ್ ಒಲ ಇತ್ತು ಕಣಮ್ಮ. ದಿನಾ ದನ ಒಡ್ಕಂಡು ದಾಟ್ತಿದ್ದೊ. ಬೆಳಗ್ಗೆ ಅವ್ವ ಈಚಿಂದ ಕೂಗಿದ್ರೆ ಆಚಿಗೆ ಕೇಳ್ಸದು. ಒಂದೇ ಊರು ಅದು, ಕೂಗಳ್ತೆ ದೂರ."

ಹೀಗೆ ಹೇಳುತ್ತಲೇ ಆಚೆ ಬದಿಯ ಅಂಗಡಿಗಳ ಮುಂದೆಲ್ಲ ಕೊಡಿಗೇಹಳ್ಳಿ ಎಂದು ತುಂಬಿದರು. ಅವರ ಕಣ್ಣಿನಲ್ಲಿ ಇನ್ನೂ ಆ ಹಳೇ ರಸ್ತೆಯೇ ಇತ್ತು. ಎರಡೂ ಕಡೆ ಮರಗಳು, ಆಗೊಂದು ಈಗೊಂದು ಲಾರಿ. ಈಗ ಅಲ್ಲಿ ಕಾರುಗಳು ನೀರಿನ ಹಾಗೆ ಹರಿಯುತ್ತವೆ. ಆಚೆಗೆ ಹೋಗಬೇಕಾದರೆ ಗಾಡಿಯಲ್ಲಿ ಎಲ್ಲೋ ಹೋಗಿ ತಿರುಗಿಸಿಕೊಂಡು ಬರಬೇಕು. ಅದು ಅವರಿಗೂ ಗೊತ್ತಿತ್ತು, ದಿನಾ ಅದೇ ರಸ್ತೆಯಲ್ಲಿ ಬಸ್ಸಿಗೆ ಕಾಯುತ್ತಿದ್ದವರು. ಆದರೆ ನಕ್ಷೆ ಎದುರಿಗೆ ಬಂದಾಗ ಮನಸ್ಸು ಹಳೆಯದನ್ನೇ ನೋಡಿತು.

ಆ ಬೀಟ್ ಇಮ್ತಿಯಾಜ್ ಎಂಬ ಸೇಲ್ಸ್‌ಮನ್‌ಗೆ ಬಂತು. ಕೊಡಿಗೇಹಳ್ಳಿಗೆ ಹತ್ತಿರದ ಸಿಂಗಾಪುರ ಎಂಬ ಹಳ್ಳಿಯಲ್ಲಿ ಮನೆ, ಹೆಂಡತಿ, ಪುಟ್ಟ ಮಗಳು. ಆಫೀಸಿಗೆ ಬಂದರೆ ಮೆಟ್ಟಿಲಿನಿಂದಲೇ "ಯಜಮಾನ್ರೇ, ಏನ್ ಸಮಾಚಾರ" ಎಂದು ಕೂಗುವವನು. ಹೊಸ ಬೀಟ್ ಸಿಕ್ಕಿದಾಗ ಖುಷಿಯಾಗಿದ್ದ. "ಮನೆ ಹತ್ರ ಆಯ್ತು ಮೇಡಂ, ಮಧ್ಯಾಹ್ನ ಊಟಕ್ಕೂ ಹೋಗ್ಬಹುದು" ಎಂದು ನನ್ನ ಹತ್ತಿರ ಹೇಳಿದ್ದ. ಊಟಕ್ಕೆ ಹೋಗುವಷ್ಟು ಬಿಡುವು ಯಾವ ಬೀಟಿನಲ್ಲೂ ಇರಲಿಲ್ಲ, ಆ ಮಾತು ಬೇರೆ. ಮುಗಿಸಬೇಕಾದ ಅಂಗಡಿಗಳು ಅಷ್ಟಿರುತ್ತಿದ್ದವು. ಈಚೆಯ ಅಂಗಡಿಗಳನ್ನು ಮುಗಿಸಿ, ಬೈಕನ್ನು ಸರ್ವೀಸ್ ರಸ್ತೆಯಲ್ಲಿ ನಿಲ್ಲಿಸಿ, ಡಿವೈಡರಿನ ಕಂಬಿ ಮುರಿದಿದ್ದ ಒಂದು ಸಂದಿನಲ್ಲಿ ನುಸುಳಿ ನಡೆದೇ ಆಚೆಗೆ ದಾಟುತ್ತಿದ್ದನಂತೆ. ಸುತ್ತಮುತ್ತಲಿನವರೂ ಅಲ್ಲೇ ದಾಟುತ್ತಿದ್ದರು. ಒಂದು ದಿನ, ಒಳ್ಳೇ ಬಿಸಿಲಿನಲ್ಲಿ, ಏರ್‌ಪೋರ್ಟ್ ಕಡೆಯಿಂದ ಬಂದ ಕಾರು ಅವನನ್ನು ಹೊಡೆಯಿತು. ಆಸ್ಪತ್ರೆಗೆ ಹೋಗುವ ದಾರಿಯಲ್ಲೇ ಜೀವ ಹೋಯಿತು.

ಆಫೀಸಿನಲ್ಲಿ ಎಲ್ಲರೂ ಕಾರಿನವನನ್ನು ಬೈದರು, ಕೆಲವರು ಇಮ್ತಿಯಾಜನನ್ನೇ ಬೈದರು. ಕಾಲಂ ವಿಷಯ ಯಾರ ತಲೆಗೂ ಬರಲಿಲ್ಲ. ಅದನ್ನು ತುಂಬಿದವರು ಅವರು, ಪಕ್ಕದಲ್ಲಿ ಕೂತು ನೋಡಿದವಳು ನಾನು. ಅವತ್ತು ಸಂಜೆ ಅವರು ಇಮ್ತಿಯಾಜನ ಆ ದಿನದ ಬೀಟನ್ನು ತೆರೆದು ನೋಡುತ್ತಿದ್ದರು. ಭೇಟಿ ಮುಗಿದ ಅಂಗಡಿಯ ಚುಕ್ಕಿ ಹಸಿರಾಗುತ್ತದೆ. ಈಚೆ ಬದಿಯದೆಲ್ಲ ಹಸಿರು. ಆಚೆ ಬದಿಯ ಮೊದಲನೇ ಅಂಗಡಿಯಿಂದ ಎಲ್ಲ ಬೂದು. ಕನ್ನಡಕ ಹಾಕಿಕೊಂಡೇ ನೋಡುತ್ತಿದ್ದರು. ನಾನು ಬ್ಯಾಗ್ ಎತ್ತಿಕೊಂಡು "ಬರ್ತೀನಿ ಸಾರ್" ಎಂದರೂ ತಿರುಗಲಿಲ್ಲ.

ಆಮೇಲೆ ಅವರು ಬದಲಾದರು ಅಂದರೆ ಕಡಿಮೆ ಹೇಳಿದಂತೆ. ಕೆರೆಯೊಳಗಿನ ಬೀಡಿ ಅಂಗಡಿಯ ತಮಾಷೆಗಳು ನಿಂತುಹೋದವು. ಆಚೆ ಬದಿಯ ಅಂಗಡಿಗಳನ್ನೆಲ್ಲ ಅವರು ಬೇರೆ ಬೀಟಿಗೆ ಸೇರಿಸಿದ್ದರು, ಆ ಮೊದಲ ಅಂಗಡಿಯ ಚುಕ್ಕಿ ಎಂದೋ ಹಸಿರಾಗಿತ್ತು. ಆದರೂ ನಕ್ಷೆಯ ಆ ಭಾಗಕ್ಕೆ ಬಂದಾಗ ಅಂಗೈಯಿಂದ ಆ ಜಾಗವನ್ನು ಮುಚ್ಚಿ ಕೆಲಸ ಮಾಡುತ್ತಿದ್ದರು. "ಆ ಚುಕ್ಕಿ ನನ್ನೇ ನೋಡ್ತದೆ ಅಮ್ಮಣ್ಣಿ" ಎಂದು ಒಮ್ಮೆ ಮೆಲ್ಲಗೆ ಹೇಳಿದರು. ನಾನು ಸಮಾಧಾನಕ್ಕೆ ಏನೋ ಹೇಳಲು ಹೋದೆ, ಎದ್ದು ಮುಖ ತೊಳೆಯಲು ಹೋದರು.

ಕೆಲಸ ಮುಗಿದ ಮೇಲೆ ಮನೆಗೆ ಹೋಗುವ ಬದಲು ಡಿವೈಡರಿನ ಆ ಸಂದಿನ ಹತ್ತಿರ ನಿಲ್ಲುತ್ತಿದ್ದಾರೆ ಎಂದು ಯಾರೋ ಹೇಳಿದರು. ನಾನು ನಂಬಲಿಲ್ಲ. ಒಂದು ಸಲ ಯಲಹಂಕಕ್ಕೆ ಹೋಗುವಾಗ ನನ್ನ ಕಣ್ಣಿಗೇ ಬಿದ್ದರು. ಬಿಳಿ ಷರ್ಟು, ಕೈಯಲ್ಲಿ ಊಟದ ಡಬ್ಬಿಯ ಚೀಲ. ಸರ್ವೀಸ್ ರಸ್ತೆಯ ಅಂಚಿನಲ್ಲಿ ನಿಂತು, ದಾಟಲು ಬಂದ ಇಬ್ಬರು ಕಾಲೇಜು ಹುಡುಗಿಯರಿಗೆ ಕೈ ಅಡ್ಡ ಹಿಡಿದಿದ್ದರು. "ಸುತ್ಕಂಡ್ ಓಗ್ರಮ್ಮಾ, ಅಲ್ ಮುಂದ್ಕೆ ದಾರಿ ಐತೆ, ಸುತ್ಕಂಡ್ ಓಗಿ." ಒಬ್ಬಳು "ಯಾರ್ರೀ ನೀವು?" ಎಂದು ರೇಗಿದಳು. ಹುಡುಗಿಯರು ಅವರ ತೋಳಿನ ಪಕ್ಕದಿಂದ ನುಸುಳಿ ಓಡಿ ದಾಟಿಬಿಟ್ಟರು. ಅವರು ಆಚೆ ಸೇರುವವರೆಗೂ ಇವರು ಕಣ್ಣು ಮುಚ್ಚಿಕೊಂಡಿದ್ದರು. ನಾನು ಸ್ಕೂಟರ್ ನಿಲ್ಲಿಸಲಿಲ್ಲ. ಅವರನ್ನು ಆ ಸ್ಥಿತಿಯಲ್ಲಿ ಮಾತನಾಡಿಸುವ ಧೈರ್ಯ ನನಗಿರಲಿಲ್ಲ.

ಇಷ್ಟರಲ್ಲಿ ಕಂಪನಿಯವರು ಇಮ್ತಿಯಾಜನ ಹೆಂಡತಿ ನಸೀಮಾಗೆ ಕೆಲಸ ಕೊಟ್ಟರು. ಒಳ್ಳೆಯದೇ ಮಾಡಿದರು. ಆದರೆ ವಿಧಿ ನೋಡಿ, ಕೆಲಸ ಕೊಟ್ಟಿದ್ದು ನಮ್ಮ ವಿಭಾಗದಲ್ಲಿ. ಪಟ್ಟಿಯಲ್ಲಿರುವ ಅಂಗಡಿಗಳಿಗೆ ಫೋನ್ ಮಾಡಿ, ಇನ್ನೂ ನಡೆಸುತ್ತಿದ್ದೀರಾ, ವಿಳಾಸ ಇದೇನಾ ಎಂದು ಕೇಳಿ ಖಾತ್ರಿ ಮಾಡಿಕೊಳ್ಳುವ ಕೆಲಸ. ಕೂತಿದ್ದು ಅವರ ಎದುರಿನ ಮೇಜಿನಲ್ಲಿ.

ಮೊದಲ ದಿನ ಅವಳು "ನಮಸ್ತೆ ಸಾರ್, ನಮ್ಮೋರು ನಿಮ್ಮ ಬಗ್ಗೆ ತುಂಬಾ ಹೇಳ್ತಿದ್ರು" ಎಂದಾಗ ಅವರು ಎದ್ದು ಹೋಗಿ ಮುಖ ತೊಳೆದುಕೊಂಡು ಬಂದರು. ನಾನು ನೀರು ತಂದು ಕೊಟ್ಟೆ. ಅವತ್ತಿನಿಂದ ಅವರು ಅವಳಿಗೆ ಕೆಲಸ ಕಲಿಸಿದರು. ಕಲಿಸಿದ್ದೂ ಎಂಥ ತಾಳ್ಮೆಯಿಂದ ಅಂತೀರಿ. ಅಂಗಡಿಯವನು ಗದರಿದರೆ ಹೇಗೆ ಮಾತನಾಡಬೇಕು, ಎರಡು ಹೆಸರು ಒಂದೇ ಅಂಗಡಿಯದು ಎಂದು ಹೇಗೆ ಗೊತ್ತಾಗುತ್ತದೆ, ಎಲ್ಲ ಕಲಿಸಿದರು. "ಒಂದು ಸಾಲು ಅಳಿಸೋಕ್ ಮುಂಚೆ ಒಂದ್ ಫೋನು ಮಾಡು ತಾಯಿ" ಅನ್ನುತ್ತಿದ್ದರು. ಅವಳ ಮಗಳಿಗೆ ಸೀಬೆಹಣ್ಣು ತರುತ್ತಿದ್ದರು. ಅವಳೂ ಅವರನ್ನು ತುಂಬ ಹಚ್ಚಿಕೊಂಡಳು. ರಂಜಾನಿನಲ್ಲಿ ಅವಳು ಉಪವಾಸವಿದ್ದರೆ ಇವರು ಅವಳ ಮುಂದೆ ಚಹಾ ಕುಡಿಯದೆ ಗೋಡೌನಿಗೆ ಇಳಿದು ಕುಡಿದು ಬರುತ್ತಿದ್ದರು. ನೋಡಿದವರಿಗೆಲ್ಲ ಅಪ್ಪ ಮಗಳ ಹಾಗೆ ಕಾಣುತ್ತಿತ್ತು. ನನಗೆ ಮಾತ್ರ ಆ ಕಾಲಂ ನೆನಪಾಗುತ್ತಿತ್ತು. ಒಂದು ದಿನ ಗೋಡೌನಿನ ಬಿಸಿಲಿನಲ್ಲಿ ಕೂತು ಅವರೇ ಬಾಯಿ ಬಿಟ್ಟರು.

"ಏಳ್ಬೇಕು ಅಮ್ಮಣ್ಣಿ. ದಿನಾ ಏಳ್ಬೇಕು ಅಂತ್ಲೇ ಬತ್ತೀನಿ. ಅವ್ಳು ಸಾರ್ ಅಂದ್ರೆ ನಾಲ್ಗೆ ಬಿದ್ದೋಯ್ತದೆ."

"ಹೇಳಿ ಏನ್ ಮಾಡ್ತೀರಾ ಸಾರ್? ಆದದ್ದು ಆಗಿಹೋಯ್ತು. ಅವಳಿಗಿರೋ ನೋವು ಸಾಲದಾ?"

"ಏಳ್ದಿದ್ರೆ ನಾನು ಅವ್ಳ ಮನೆ ಅನ್ನ ಕಿತ್ಕಂಡು ಉಂಡಂಗೆ ಆಯ್ತದೆ" ಎಂದರು. ಮುದ್ದೆಯನ್ನು ಹಾಗೇ ಬಿಟ್ಟು ಡಬ್ಬಿ ಮುಚ್ಚಿದರು.

ಕೊನೆಗೆ ಅವಳೇ ಕೇಳಿದಳು. ವರ್ಷಕ್ಕೊಮ್ಮೆ ಎಲ್ಲ ಅಂಗಡಿಗಳನ್ನೂ ಮತ್ತೆ ಖಾತ್ರಿ ಮಾಡುವ ಸಮಯ. ಫೋನ್ ಮಾಡುತ್ತ ಮಾಡುತ್ತ ಅವಳು ಆಚೆ ಬದಿಯ ಆ ಮೊದಲ ಅಂಗಡಿಗೆ ಬಂದಳು. ಅಂಗಡಿಯ ಮುದುಕ ಮಾತುಗಾರ. ಕಂಪನಿಯ ಹೆಸರು ಕೇಳಿದವನೇ ಹಳೆಯದನ್ನು ತೆಗೆದ. ಅವಳು ಸ್ಪೀಕರ್‌ನಲ್ಲಿ ಹಾಕಿದ್ದರಿಂದ ನಮಗೆಲ್ಲ ಕೇಳಿಸಿತು. "ನಿಮ್ ಕಡೆಯಿಂದ ಒಬ್ಬ ಬರ್ತಿದ್ದನಮ್ಮ, ಒಳ್ಳೇ ಹುಡ್ಗ. ಆ ದಿನ ಫೋನ್ ಮಾಡ್ದ, ಅಣ್ಣಾ ಎದುರುಗಡೆ ಇದೀನಿ, ಎರಡು ನಿಮಿಷ, ದಾಟ್ಕೊಂಡು ಬಂದ್ಬಿಟ್ಟೆ ಅಂತ. ಕೈ ಕೂಡ ಎತ್ತಿ ತೋರಿಸ್ದ. ನಾನು ಬಾಗಿಲಲ್ಲೇ ನಿಂತಿದ್ದೆ."

ನಸೀಮಾ ವಿಳಾಸ ಸರಿ ಇದೆಯಾ ಎಂದು ಕೇಳಿದಳು. ಸರಿ ಇದೆ ಎಂದ. ಗುರುತು ಹಾಕಿದಳು. ಫೋನ್ ಇಟ್ಟಳು. ಅವಳು ಅಳುತ್ತಾಳೆ ಅಂದುಕೊಂಡೆ. ಅಳಲಿಲ್ಲ. ನಕ್ಷೆಯನ್ನು ದೊಡ್ಡದು ಮಾಡಿ ಬಹಳ ಹೊತ್ತು ನೋಡಿದಳು.

"ಸಾರ್, ನೀವೇ ಕಲ್ಸಿದ್ದೀರಿ, ಸಾಫ್ಟ್‌ವೇರ್ ರೋಡ್ ನೋಡಿ ಹಂಚುತ್ತೆ ಅಂತ. ಈಗ ಎರಡೂ ಬದಿ ಬೇರೆ ಬೇರೆ ಇದೆ. ಆವಾಗ ನಮ್ಮೋರಿಗೆ ಎರಡೂ ಬದಿ ಒಂದೇ ಬೀಟಲ್ಲಿ ಹೆಂಗೆ ಬಂತು?"

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಎದ್ದು ನಿಂತರು. ಮುಖ ತೊಳೆಯಲು ಹೋಗುತ್ತಾರೆ ಅಂದುಕೊಂಡೆ, ಹೋಗಲಿಲ್ಲ.

"ನಾನು ಆಕಿದ್ದು ತಾಯಿ. ಅದು ಬೇರೆ ಬೇರೆನೇ ಕೊಟ್ಟಿತ್ತು. ನಾನು ಒಂದೇ ಊರು ಅಂತ ಸೇರಿಸ್ದೆ."

ನಸೀಮಾ ಅವರನ್ನೇ ನೋಡುತ್ತಿದ್ದಳು. ಆಮೇಲೆ ಅವಳ ಬಾಯಿಂದ ಬಂದ ಮಾತು ನನಗೆ ಇವತ್ತಿಗೂ ಕೇಳಿಸುತ್ತದೆ.

"ಯಾಕ್ ಹೇಳಿದ್ರಿ ಸಾರ್? ನಾನು ಇಷ್ಟು ದಿನ ಈ ಕಂಪ್ಯೂಟರ್ ಡಬ್ಬಾನ ಬೈಕೊಂಡು ಇದ್ದೆ. ಮನೆಗೆ ಹೋಗಿ ಅತ್ತೆ ಹತ್ರ ಕೂಡ ಇದನ್ನೇ ಬೈತಿದ್ದೆ. ಈಗ ನಾನು ಯಾರನ್ನ ಬೈಲಿ? ನಿಮ್ಮನ್ನಾ?"

"ಬಯ್ಯಿ ತಾಯಿ."

"ಆಗಲ್ಲ. ಅದೇ ಕಷ್ಟ" ಎಂದಳು.

ಮಾರನೆಯ ದಿನ ಅವಳು ತನ್ನ ಮೇಜನ್ನು ಕಿಟಕಿ ಪಕ್ಕಕ್ಕೆ ಹಾಕಿಸಿಕೊಂಡಳು. ಕೆಲಸದ ಮಾತು ಬಂದರೆ ನನ್ನ ಮೂಲಕ ಹೇಳಿ ಕಳಿಸುತ್ತಿದ್ದಳು. ಸೀಬೆಹಣ್ಣು ಅವರ ಡ್ರಾಯರಿನಲ್ಲೇ ಕೊಳೆತು ವಾಸನೆ ಬಂದಾಗ ನಾನು ತೆಗೆದು ಎಸೆದೆ. ಅವರು ಹಗುರಾದರೋ ಎಂದರೆ ಇಲ್ಲ. ಹೇಳಿದರೆ ಭಾರ ಇಳಿಯುತ್ತದೆ ಅಂತಾರಲ್ಲ, ಅದು ಎಲ್ಲರಿಗೂ ಅನ್ವಯಿಸುವುದಿಲ್ಲ. ನನಗೆ ಇಬ್ಬರ ಮೇಲೂ ಸಿಟ್ಟು ಬರುತ್ತಿತ್ತು, ಇಬ್ಬರನ್ನೂ ಕಂಡರೆ ಅಳು ಬರುತ್ತಿತ್ತು.

ನಿವೃತ್ತಿಗೆ ಮುಂಚೆ ಅವರು ಒಂದೇ ಒಂದು ಜಗಳ ಆಡಿದರು. ಸೇಲ್ಸ್‌ಮನ್‌ಗಳು ಕಡಿಮೆಯಾಗಿದ್ದಾರೆ, ರಸ್ತೆಯ ಎರಡೂ ಬದಿಯ ಬೀಟನ್ನು ಮತ್ತೆ ಒಂದು ಮಾಡಿ ಎಂದು ಹೊಸ ಮ್ಯಾನೇಜರ್ ಹೇಳಿದ. ಚಿಕ್ಕ ವಯಸ್ಸು, ಕೆಟ್ಟವನಲ್ಲ. ಅವನಿಗೆ ಹಿಂದಿನದೇನೂ ಗೊತ್ತಿರಲಿಲ್ಲ. ಇವರು ಅವನ ಕೋಣೆಗೆ ಹೋಗಿ ಕೂತರು. ಆಗಲ್ಲ ಎಂದರು. ಯಾಕೆ ಎಂದರೆ ಆಗಲ್ಲ. ಕೊನೆಗೆ ಅವನು ಬೇಸತ್ತು, "ಸರಿ ಬಿಡಿ ಸಾರ್, ನೀವು ಇರೋವರೆಗೂ ಹಂಗೇ ಇರ್ಲಿ" ಎಂದ. "ನಾನು ಓದ್ಮೇಲೂ" ಎಂದರು. ಅವನು ನಕ್ಕು ತಲೆಯಾಡಿಸಿದ. ಹೊರಗೆ ಬಂದಾಗ ಅವರ ಷರ್ಟು ಬೆನ್ನಿಗೆ ಅಂಟಿಕೊಂಡಿತ್ತು. ಕಿಟಕಿ ಪಕ್ಕದಲ್ಲಿ ನಸೀಮಾ ಫೋನಿನಲ್ಲಿದ್ದಳು, ತಿರುಗಿ ನೋಡಲಿಲ್ಲ.

ಬೀಳ್ಕೊಡುಗೆಯ ದಿನ ಶಾಲು, ಪೇಟ, ಹಣ್ಣಿನ ಬುಟ್ಟಿ ಎಲ್ಲ ಆಯಿತು. ಎರಡು ಮಾತಾಡಿ ಎಂದರೆ ಕೈ ಮುಗಿದು ಕೂತುಬಿಟ್ಟರು. ನಸೀಮಾ ಅವತ್ತು ರಜೆ ಹಾಕಿದ್ದಳು. ಅವರು ಹೋಗುವ ಮುಂಚೆ ಅವಳ ಖಾಲಿ ಮೇಜಿನ ಹತ್ತಿರ ಸ್ವಲ್ಪ ಹೊತ್ತು ನಿಂತು, ಓರೆಯಾಗಿದ್ದ ಕೀಬೋರ್ಡನ್ನು ನೇರ ಮಾಡಿ ಹೋದರು.

ಅವರು ತೀರಿಕೊಂಡ ಸುದ್ದಿ ಒಂದು ಭಾನುವಾರ ಬೆಳಗ್ಗೆ ಬಂತು. ಹಲ್ಲುಜ್ಜುತ್ತ ಹಿತ್ತಲಲ್ಲಿ ಕುಸಿದರಂತೆ. ನಾನು ನಸೀಮಾಗೆ ಫೋನ್ ಮಾಡಿ ವಿಷಯ ಹೇಳಿದೆ. ಬಾ ಎನ್ನಲಿಲ್ಲ. ಅವಳೇ "ಅಕ್ಕಾ, ನನ್ನನ್ನ ಹತ್ತಿಸ್ಕೊಂಡು ಹೋಗ್ತೀರಾ?" ಎಂದು ಕೇಳಿದಳು.

ಕೊಡಿಗೇಹಳ್ಳಿಯ ಹಳೇ ಮನೆಗಳ ಓಣಿ ಜನರಿಂದ ತುಂಬಿತ್ತು. ಅವಳು ದೂರದಿಂದಲೇ ಮುಖ ನೋಡಿದಳು. ಪೂಜೆ ಮುಗಿದು ಚಟ್ಟ ಎತ್ತಿದರು. ಅವರ ಮನೆತನದ ಮಣ್ಣು ಮಾಡುವ ಜಾಗ ರಸ್ತೆಯ ಆಚೆ ಬದಿಗೆ ಎಂದು ನನಗೆ ಗೊತ್ತಾದದ್ದೇ ಆಗ. ಹಿಂದಿನಿಂದಲೂ ಹೆಗಲ ಮೇಲೆ ಹೊತ್ತು ನೇರ ದಾಟುವುದೇ ಪದ್ಧತಿಯಂತೆ. ಹೆಣ ಸುತ್ತಿಸಿ ಒಯ್ಯಬಾರದು ಎಂದು ಹಿರಿಯರೊಬ್ಬರು ಹೇಳುತ್ತಿದ್ದರು. ಹುಡುಗರು ನಾಲ್ಕು ಜನ ಮುಂದೆ ಓಡಿ, ಆ ಸಂದಿನ ಹತ್ತಿರ ಕೈ ಅಡ್ಡ ಹಿಡಿದು ಕಾರುಗಳನ್ನು ನಿಲ್ಲಿಸಲು ಹೊರಟರು. ತಮಟೆ ಬಡಿಯುತ್ತಿತ್ತು. ಮೆರವಣಿಗೆ ಸರ್ವೀಸ್ ರಸ್ತೆಗೆ ಬಂತು.

ನಸೀಮಾ ನನ್ನ ಪಕ್ಕದಿಂದ ಹೋದದ್ದು ಕಾಣಲಿಲ್ಲ. ನೋಡಿದರೆ ಚಟ್ಟದ ಮುಂದೆ ನಿಂತಿದ್ದಳು. ಮಡಕೆ ಹಿಡಿದ ಅವರ ಮಗನಿಗೆ ಹೇಳುತ್ತಿದ್ದಳು. "ಅಣ್ಣಾ, ಇಲ್ಲಿ ದಾಟಿಸ್ಬೇಡಿ. ಗಾಡಿಲಿ ಸುತ್ಕೊಂಡು ಹೋಗಿ."

"ಯಾರಮ್ಮಾ ನೀನು?" ಎಂದು ಹಿರಿಯರು ಗದರಿದರು.

"ನಮ್ಮ ಮನೆಯೋರು ಇಲ್ಲೇ ಹೋಗಿದ್ದು" ಎಂದಳು. "ಇವ್ರು ಇಲ್ಲಿ ನಿಂತು ಎಲ್ರಿಗೂ ಸುತ್ಕೊಂಡು ಹೋಗಿ ಅಂತ ಹೇಳ್ತಿದ್ರಂತಲ್ಲ. ಇವ್ರನ್ನೇ ಹೆಂಗೆ ದಾಟಿಸ್ತೀರಾ?"

ಮಗ ತಂದೆಯ ಮುಖ ನೋಡಿದ, ರಸ್ತೆ ನೋಡಿದ. ತಮಟೆ ನಿಂತಿತು. ಯಾರೋ ಫೋನ್ ಮಾಡಿದರು, ವ್ಯಾನು ಬಂತು.

ನಾವಿಬ್ಬರೂ ನನ್ನ ಸ್ಕೂಟರಿನಲ್ಲಿ ವ್ಯಾನಿನ ಹಿಂದೆ ಹೊರಟೆವು. ಸರ್ವೀಸ್ ರಸ್ತೆಯಲ್ಲಿ ತೆವಳುತ್ತ, ಸಿಗ್ನಲ್ಲಿಗೆ ನಿಲ್ಲುತ್ತ, ದೂರದ ಅಂಡರ್‌ಪಾಸಿನಲ್ಲಿ ತಿರುಗಿಸಿಕೊಳ್ಳಲು ಸಾಲಿನಲ್ಲಿ ಕಾಯುತ್ತ. ವ್ಯಾನಿನಿಂದ ಚೆಂಡುಹೂವಿನ ಎಸಳು ಹಾರಿ ಬಂದು ನನ್ನ ಹೆಲ್ಮೆಟ್ಟಿಗೆ ತಾಗುತ್ತಿದ್ದವು. ಆಚೆ ಬದಿಗೆ ಬಂದು ಆ ಮುದುಕನ ಅಂಗಡಿ ಕಾಣಿಸುವಷ್ಟು ಹತ್ತಿರ ಬಂದಾಗ ನಸೀಮಾ ಹಿಂದಿನಿಂದ ನನ್ನ ಭುಜದ ಮೇಲೆ ಕೈ ಇಟ್ಟಳು.

"ಎಷ್ಟು ಹೊತ್ತಾಯ್ತಕ್ಕ ನಾವು ಹೊರಟು?"

"ಅರ್ಧ ಗಂಟೆ ಆಗಿರ್ಬೇಕು ಕಣೇ."

"ನಮ್ಮೋರಿಗೆ ಈ ಅರ್ಧ ಗಂಟೆ ಯಾರೂ ಕೊಟ್ಟಿರ್ಲಿಲ್ಲ" ಎಂದಳು. ವ್ಯಾನಿನ ಕಡೆ ಕೈ ತೋರಿಸಿ, "ಇವ್ರಿಗಾದ್ರೂ ಸಿಕ್ತಲ್ಲ" ಎಂದಳು.

ವ್ಯಾನು ನಿಧಾನವಾಗಿ ಎಡಕ್ಕೆ ತಿರುಗಿತು. ನಾನೂ ಇಂಡಿಕೇಟರ್ ಹಾಕಿ ಅದರ ಹಿಂದೆ ತಿರುಗಿದೆ.